ಹೇರೂರಿನ ಜಗಲಿಗೆ ಒಂದು ಹಳೆಯ ಕಾರು

ಶಿರಸಿ-ಸಿದ್ದಾಪುರ ಸೀಮೆಯ ಮಕ್ಕಳಿಗೆ ವಾಹನಶಾಸ್ತ್ರದ ಮೊದಲ ಪಾಠ ಶಾಲೆಯಲ್ಲಿ ಆಗುವುದಿಲ್ಲ, ಅಡಿಕೆ ತೋಟದಲ್ಲಿ ಆಗುತ್ತದೆ. ಮರದಿಂದ ಕಳಚಿ ಬಿದ್ದ ಹಾಳೆಯ ಅಗಲ ಭಾಗದಲ್ಲಿ ಒಬ್ಬ ಕೂರಬೇಕು, ಸೋಗೆಯ ತುದಿ ಹಿಡಿದು ಇನ್ನೊಬ್ಬ ಎಳೆಯಬೇಕು. ಹೇರೂರಿನಂಥ ಊರುಗಳಲ್ಲಿ ಹುಟ್ಟಿ ಬೆಳೆದವರಲ್ಲಿ ಈ ಗಾಡಿಯ ಸವಾರಿ ಮಾಡದವರು ಅಪರೂಪ. ಈ ಗಾಡಿಗೆ ಚಕ್ರವೇ ಇಲ್ಲ. ಇಳಿಜಾರಿನಲ್ಲಿ ಜಾರುತ್ತದೆ, ಸಮತಟ್ಟಿನಲ್ಲಿ ಎಳೆಯುವವನ ರಟ್ಟೆ ನೋಯಿಸುತ್ತದೆ, ಏರಿನಲ್ಲಿ ನಿಂತೇ ಬಿಡುತ್ತದೆ. ಘರ್ಷಣೆ ಎಂದರೇನು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಿಕೊಡಲಾರದು.

ಎರಡನೆಯ ಪಾಠಕ್ಕೆ ಚಕ್ರ ಬರುತ್ತದೆ. ಸವೆದ ಹವಾಯಿ ಚಪ್ಪಲಿಯನ್ನು ಗುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ, ಬಿದಿರ ಕಡ್ಡಿ ತೂರಿಸಿದರೆ ಗಾಡಿ ಸಿದ್ಧ. ಇದು ಓಡುತ್ತದೆ, ಆದರೆ ನೇರವಾಗಿ ಮಾತ್ರ. ತಿರುಗಿಸಲು ಹೋದರೆ ಒಂದು ಚಕ್ರ ನೆಲವನ್ನು ಕೆರೆಯುತ್ತದೆ, ಗಾಡಿ ಮಗುಚುತ್ತದೆ. ‘ಯಾಕೆ ಹೀಗಾಗುತ್ತದೆ?’ ಎಂದು ಆ ಹೊತ್ತಿನಲ್ಲಿ ಕೇಳುವ ಹುಡುಗನಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಜಗತ್ತಿನ ಮೊದಲ ಮೋಟಾರು ಕಾರನ್ನು ಕಟ್ಟಿದ ಮನುಷ್ಯನೂ ಇದೇ ಪ್ರಶ್ನೆಯ ಮುಂದೆ ನಿಂತಿದ್ದ, ಸುಲಭದ ಉತ್ತರ ಸಿಗದೆ ತನ್ನ ಕಾರಿಗೆ ಮೂರೇ ಚಕ್ರ ಇಟ್ಟಿದ್ದ.

ಮೂರನೆಯ ಪಾಠ ಮಾತ್ರ ಈಚೆಗೆ ತಪ್ಪಿಹೋಗುತ್ತಿದೆ. ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ಎಂದ ಕೂಡಲೇ ಮನೆಯವರು ಪೇಟೆಗೆ ಓಡುತ್ತಾರೆ. ಥರ್ಮೋಕೋಲು, ಬಣ್ಣದ ಕಾಗದ, ಅಂಟು ಬರುತ್ತವೆ, ಕೆಲವೊಮ್ಮೆ ಸಿದ್ಧಪಡಿಸಿದ ಮಾದರಿಯೇ ಪೆಟ್ಟಿಗೆಯಲ್ಲಿ ಬರುತ್ತದೆ. ಅಪ್ಪ ಕತ್ತರಿಸುತ್ತಾನೆ, ಅಮ್ಮ ಅಂಟಿಸುತ್ತಾಳೆ, ಮಗ ಮರುದಿನ ಮೇಜಿನ ಹಿಂದೆ ನಿಂತು ಬಾಯಿಪಾಠ ಒಪ್ಪಿಸುತ್ತಾನೆ. ಬಹುಮಾನ ಬರಬಹುದು. ಆದರೆ ಮನೆಯ ಹಿರಿಯರೊಬ್ಬರು ಮಾದರಿಯ ಮುಂದೆ ಬಗ್ಗಿ ನಿಂತು, ‘ಇದು ಓಡ್ತಾ, ತಮಾ?’ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಆ ಒಂದು ಪ್ರಶ್ನೆಗೆ ‘ಓಡ್ತು, ಅಜ್ಜ’ ಎಂದು ಹೇಳುವ ಹಾಗಿರಬೇಕಾದರೆ ಏನು ಮಾಡಬೇಕು? ಅದಕ್ಕೊಂದು ಪ್ರಯಾಣ ಬೇಕು. ಅದು ಹೇರೂರಿನಿಂದ ಶಿರಸಿಗೆ, ಅಲ್ಲಿಂದ ತಾಳಗುಪ್ಪ, ಬೆಂಗಳೂರು, ಮೈಸೂರುಗಳ ಹಾದಿಯಾಗಿ ಮತ್ತೆ ಮನೆಯ ಜಗಲಿಗೇ ಮರಳುವ ಪ್ರಯಾಣ.

ಶಿರಸಿಯ ರಥ, ಗುಡಿಗಾರರ ಉಳಿ

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 1688ರಲ್ಲಿ ಪ್ರತಿಷ್ಠಾಪನೆಯಾದ ದೇವಿಯ ಮರದ ಮೂರ್ತಿಯನ್ನು ಹೊತ್ತ ರಥ ದೇವಸ್ಥಾನದಿಂದ ಬಿಡಕಿ ಬಯಲಿನ ಗದ್ದುಗೆಗೆ ಹೋಗುವುದನ್ನು ನೋಡಲು ಸುತ್ತಲಿನ ತಾಲ್ಲೂಕುಗಳೆಲ್ಲ ಅಲ್ಲಿ ಸೇರುತ್ತವೆ. ಮಕ್ಕಳ ಕಣ್ಣು ಬಣ್ಣದ ಬಾವುಟ, ಹೂವಿನ ಹಾರಗಳ ಮೇಲಿರುತ್ತದೆ. ಒಂದು ಕ್ಷಣ ಆ ಕಣ್ಣನ್ನು ಕೆಳಗಿಳಿಸಿ ಚಕ್ರದ ಮೇಲೆ ಇಡಬೇಕು.

ತೇರು ಅಷ್ಟು ನಿಧಾನವಾಗಿ ಯಾಕೆ ತಿರುಗುತ್ತದೆ? ಯಾವುದೇ ಮರದ ತೇರಿನಲ್ಲಿ ಚಾಲಕನಿಲ್ಲ, ಮುಂದಿನ ಚಕ್ರಗಳನ್ನು ಅತ್ತಿತ್ತ ಹೊರಳಿಸುವ ಏರ್ಪಾಡೂ ಸಾಮಾನ್ಯವಾಗಿ ಇರುವುದಿಲ್ಲ. ಹಗ್ಗ ಎಳೆಯುವವರ ಬಲ ಒಂದು ಕಡೆಗೆ ಹೆಚ್ಚಾಗಬೇಕು, ಚಕ್ರದಡಿಗೆ ಮರದ ತುಂಡು ಕೊಟ್ಟು ತಡೆಯುವವರು ಹೊತ್ತು ನೋಡಿ ಕೈಚಳಕ ತೋರಬೇಕು. ಒಂದು ಬದಿಯ ಚಕ್ರ ತಡೆದು ನಿಂತಾಗ ಇನ್ನೊಂದು ಬದಿ ಮುಂದೆ ಸರಿಯುತ್ತದೆ, ತೇರು ಮುಖ ತಿರುಗಿಸುತ್ತದೆ. ಚಪ್ಪಲಿ ಚಕ್ರದ ಗಾಡಿ ಎದುರಿಸಿದ ಸಮಸ್ಯೆಗೆ ಇದು ಹಳೆಯ ಪರಿಹಾರ.

ಅದಕ್ಕಿಂತ ಜಾಣತನದ ಪರಿಹಾರ ಎತ್ತಿನ ಗಾಡಿಯಲ್ಲಿದೆ. ಗಾಡಿಯ ಅಚ್ಚು ತಿರುಗುವುದಿಲ್ಲ. ಎರಡೂ ಚಕ್ರಗಳು ಅದರ ತುದಿಯಲ್ಲಿ ಬೇರೆ ಬೇರೆಯಾಗಿ ತಿರುಗುತ್ತವೆ, ಕಳಚಿ ಹೋಗದಂತೆ ಕಡಾಣಿ ಹಿಡಿದಿರುತ್ತದೆ. ಎತ್ತು ಎಡಕ್ಕೆ ಹೊರಳಿದಾಗ ಬಲಗಡೆಯ ಚಕ್ರ ಹೆಚ್ಚು ದೂರ ಓಡಬೇಕು, ಎಡಗಡೆಯದು ಕಡಿಮೆ. ಬೇರೆ ಬೇರೆಯಾಗಿ ತಿರುಗುವ ಸ್ವಾತಂತ್ರ್ಯ ಇರುವುದರಿಂದ ಯಾವುದೂ ನೆಲ ಕೆರೆಯುವುದಿಲ್ಲ. ಆದರೆ ಈ ಸ್ವಾತಂತ್ರ್ಯ ಸಾಧ್ಯವಾದದ್ದು ಗಾಡಿಯನ್ನು ಎಳೆಯುವ ಬಲ ಹೊರಗಿನ ಎತ್ತಿನಿಂದ ಬರುವುದರಿಂದ. ಚಕ್ರವನ್ನೇ ತಿರುಗಿಸಿ ಗಾಡಿ ಓಡಿಸಬೇಕೆಂದರೆ? ಆಗ ಅಚ್ಚಿಗೂ ಚಕ್ರಕ್ಕೂ ನಂಟು ಬೇಕು, ನಂಟು ಬಂದರೆ ಸ್ವಾತಂತ್ರ್ಯ ಹೋಗುತ್ತದೆ. ಮೋಟಾರು ಕಾರಿನ ಕಥೆ ಶುರುವಾಗುವುದು ಈ ಗಂಟಿನಿಂದ.

ಸಣ್ಣದನ್ನು ಕಟ್ಟುವ ಕೈಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಶಿರಸಿ, ಸಿದ್ದಾಪುರ, ಸಾಗರ, ಸೊರಬಗಳ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಮದುವೆಯ ಬಾಸಿಂಗಕ್ಕೆ ಬೆಂಡು ಕೊರೆಯುವವರೂ ಅವರೇ. ಮರದ ಮುಖವನ್ನು ನುಣ್ಣಗೆ ಮಾಡಿ, ಚಿತ್ತಾರವನ್ನು ಅದರ ಮೇಲೆ ಬರೆದು ಅಥವಾ ಬರೆದ ಕಾಗದವನ್ನೇ ಅಂಟಿಸಿ, ಗೆರೆ ಹಿಡಿದು ಉಳಿ ನಡೆಸುವುದು ಅವರ ಪದ್ಧತಿ. ಮಾದರಿ ಕಟ್ಟುವವರಿಗೆ ಇದರಲ್ಲಿ ಒಂದು ಪಾಠವಿದೆ. ಮೊದಲು ಗೆರೆ, ಆಮೇಲೆ ಉಳಿ. ಅಳತೆಯ ಚಿತ್ರ ಬರೆಯದೆ ಕತ್ತಿ ಹಿಡಿದವನ ಕಾರು ಜಗಲಿ ದಾಟುವುದಿಲ್ಲ.

ತಾಳಗುಪ್ಪದಿಂದ ರೈಲು

ಸಿದ್ದಾಪುರದವರಿಗೆ ರೈಲು ಎಂದರೆ ತಾಳಗುಪ್ಪ. ಜೋಗದ ಸೆರಗಿನಲ್ಲಿರುವ ಈ ಸಣ್ಣ ನಿಲ್ದಾಣ ಹಳಿಯ ಕೊನೆ. ಮೀಟರ್ ಗೇಜ್ ಇದ್ದ ಕಾಲದಲ್ಲಿ ಶಿವಮೊಗ್ಗ-ತಾಳಗುಪ್ಪದ ನಡುವೆ ರೈಲ್‌ಬಸ್ ಓಡುತ್ತಿತ್ತು. ರಸ್ತೆಯ ಬಸ್ಸನ್ನೇ ಎತ್ತಿ ಹಳಿಯ ಮೇಲಿಟ್ಟಂತೆ ಕಾಣುತ್ತಿದ್ದ ಆ ಒಂಟಿ ಡಬ್ಬಿಯನ್ನು ಈಗಿನ ಅಪ್ಪ ಅಮ್ಮಂದಿರಲ್ಲಿ ಹಲವರು ನೆನಪಿಟ್ಟಿದ್ದಾರೆ. ಹಳಿ ಬ್ರಾಡ್‌ಗೇಜ್ ಆದ ಮೇಲೆ ರೈಲ್‌ಬಸ್ ಹೋಯಿತು, ಬೆಂಗಳೂರು, ಮೈಸೂರುಗಳಿಗೆ ನೇರ ರೈಲು ಬಂತು.

ಬೆಂಗಳೂರಿನಲ್ಲಿ ಇಳಿಯುವವರಿಗೆ ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವಿದೆ. 1962ರಲ್ಲಿ ಜವಾಹರಲಾಲ್ ನೆಹರೂ ಅವರಿಂದ ಉದ್ಘಾಟನೆಯಾದ ಈ ಸಂಗ್ರಹಾಲಯದ ಎಂಜಿನ್ ವಿಭಾಗದಲ್ಲಿ ಯಂತ್ರಗಳ ಹೊಟ್ಟೆ ಬಗೆದು ಒಳಗಿನ ಕೆಲಸ ತೋರಿಸಲಾಗಿದೆ. ರೈಟ್ ಸೋದರರ 1903ರ ವಿಮಾನದ ನಿಜ ಅಳತೆಯ ಪ್ರತಿಕೃತಿಯೂ ಇಲ್ಲಿದೆ. ಮಕ್ಕಳನ್ನು ಕರೆದೊಯ್ಯುವವರು ಗಡಿಬಿಡಿ ಮಾಡದೆ ಒಂದೊಂದು ಯಂತ್ರದ ಮುಂದೆಯೂ ನಿಲ್ಲಬೇಕು. ‘ಮುಂದೆ ನಡಿ, ಇನ್ನೂ ಬೇಕಾದಷ್ಟಿದೆ’ ಎಂಬ ಮಾತಿನಿಂದ ಹಾಳಾದ ಪ್ರವಾಸಗಳು ಎಷ್ಟೋ.

ಮೈಸೂರಿನಲ್ಲಿ ಇನ್ನೊಂದು ಬೆರಗು ಕಾದಿದೆ. ಕೃಷ್ಣರಾಜಸಾಗರ ರಸ್ತೆಯಲ್ಲಿ, ಸಿ.ಎಫ್.ಟಿ.ಆರ್.ಐ. ಎದುರಿಗೆ 1979ರಲ್ಲಿ ಆರಂಭವಾದ ರೈಲ್ವೆ ವಸ್ತುಸಂಗ್ರಹಾಲಯವಿದೆ. ಉಗಿ ಎಂಜಿನ್ನುಗಳು, ಮಹಾರಾಣಿಯವರ ಪ್ರಯಾಣಕ್ಕೆ ಮಾಡಿಸಿದ ಗಾಡಿ, ಮಕ್ಕಳನ್ನು ಹತ್ತಿಸಿಕೊಂಡು ಸುತ್ತುವ ಪುಟಾಣಿ ರೈಲು, ಇವುಗಳ ನಡುವೆ ಒಂದು ಹಳೆಯ ಆಸ್ಟಿನ್ ಕಾರು. ಅದಕ್ಕಿರುವುದು ರಸ್ತೆಯ ಚಕ್ರವಲ್ಲ, ಹಳಿಯ ಚಕ್ರ! ಮೋಟಾರು ಕಾರಿನ ಗಾಲಿ ಕಳಚಿ ರೈಲಿನ ಗಾಲಿ ತೊಡಿಸಿದ ಈ ವಾಹನದ ಮುಂದೆ ತಾಳಗುಪ್ಪದ ರೈಲ್‌ಬಸ್ ಕಂಡವರಿಗೆ ಹಳೆಯ ಪರಿಚಯಸ್ಥನನ್ನು ಕಂಡಂತಾಗುತ್ತದೆ.

ಈ ಆಸ್ಟಿನ್ನಿನ ಮುಂದೆ ನಿಂತು ಕೇಳಬೇಕಾದ ಪ್ರಶ್ನೆಯೂ ತಿರುವಿನದೇ. ರೈಲಿನ ಎರಡು ಗಾಲಿಗಳು ಒಂದೇ ಅಚ್ಚಿಗೆ ಗಟ್ಟಿಯಾಗಿ ಕೂತಿರುತ್ತವೆ, ಎರಡೂ ಒಟ್ಟಿಗೇ ತಿರುಗಬೇಕು. ಹಾಗಿದ್ದರೆ ಬಾಗಿದ ಹಳಿಯಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡುವುದು ಹೇಗೆ? ಗುಟ್ಟು ಗಾಲಿಯ ಆಕಾರದಲ್ಲಿದೆ. ರೈಲಿನ ಗಾಲಿಯ ಅಂಚು ಚಪ್ಪಟೆಯಲ್ಲ, ಕೊಳವೆಯನ್ನು ಓರೆಯಾಗಿ ಕತ್ತರಿಸಿದ ಹಾಗೆ ಒಳಬದಿಗೆ ದಪ್ಪ, ಹೊರಬದಿಗೆ ಸಣ್ಣ. ತಿರುವಿನಲ್ಲಿ ಗಾಲಿಗಳು ತುಸು ಹೊರಗೆ ಸರಿದಾಗ ಹೊರಗಿನ ಗಾಲಿ ತನ್ನ ದಪ್ಪ ಭಾಗದ ಮೇಲೆ, ಒಳಗಿನದು ತನ್ನ ಸಣ್ಣ ಭಾಗದ ಮೇಲೆ ಉರುಳುತ್ತದೆ. ಒಂದೇ ಸುತ್ತಿನಲ್ಲಿ ಒಂದು ಹೆಚ್ಚು ದೂರ, ಇನ್ನೊಂದು ಕಡಿಮೆ ದೂರ ಸಾಗುತ್ತದೆ. ಎರಡು ಕಾಗದದ ಲೋಟಗಳ ಬಾಯಿಗೆ ಬಾಯಿ ಸೇರಿಸಿ ಅಂಟಿಸಿ, ಎರಡು ಕೋಲುಗಳ ಮೇಲೆ ಉರುಳಿಸಿದರೆ ಮನೆಯಲ್ಲೇ ಇದನ್ನು ನೋಡಬಹುದು. ಲೋಟದ ಜೋಡಿ ತಪ್ಪಿದರೂ ತಾನಾಗಿಯೇ ಹಾದಿಗೆ ಮರಳುತ್ತದೆ.

ಮೂರು ಚಕ್ರದ ಕಾರು

ತೇರು, ಎತ್ತಿನ ಗಾಡಿ, ರೈಲು ಇವು ಮೂರೂ ತಿರುವಿಗೆ ತಮ್ಮ ತಮ್ಮ ಉತ್ತರ ಕಂಡುಕೊಂಡಾಗಿತ್ತು. ಇನ್ನು ಉಳಿದದ್ದು ಮೋಟಾರು ಕಾರಿನ ಉತ್ತರ. ಜರ್ಮನಿಯ ಮ್ಯಾನ್‌ಹೈಮ್ ನಗರದಲ್ಲಿ ಕಾರ್ಲ್ ಬೆಂಜ್ 1886ರ ಜನವರಿ 29ರಂದು ತನ್ನ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ. ಆ ಪೇಟೆಂಟಿನ ಸಂಖ್ಯೆ 37435. ಗಾಡಿಗೆ ಮೂರು ಚಕ್ರ. ಮುಂದಿನ ಎರಡು ಚಕ್ರಗಳನ್ನು ಸರಿಯಾದ ಕೋನದಲ್ಲಿ ಹೊರಳಿಸುವ ಏರ್ಪಾಡು ತೃಪ್ತಿಕರವಾಗಿ ಒದಗದ ಕಾರಣ ಬೆಂಜ್ ಒಂದೇ ಚಕ್ರವಿಟ್ಟು ಅದನ್ನು ಹಿಡಿಕೆಯಿಂದ ತಿರುಗಿಸಿದ. ನಾಲ್ಕು ಚಕ್ರಕ್ಕೆ ಹೊಂದುವ ಏರ್ಪಾಡಿಗೆ ಆತ ಪೇಟೆಂಟ್ ಪಡೆದದ್ದು 1893ರಲ್ಲಿ.

ಹಿಂದಿನ ಎರಡು ಚಕ್ರಗಳ ಗಂಟನ್ನು ಆತ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆಯಿಂದ ಬಿಡಿಸಿದ. ಎಂಜಿನ್ನಿನ ಬಲ ಪಟ್ಟಿಯ ಮೂಲಕ ಒಂದು ಅಡ್ಡ ಅಚ್ಚಿಗೆ, ಅಲ್ಲಿಂದ ಎರಡು ಸರಪಣಿಗಳ ಮೂಲಕ ಎರಡು ಚಕ್ರಗಳಿಗೆ. ಅಡ್ಡ ಅಚ್ಚಿನ ನಡುವೆ ಇರುವ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಬಲ ಕೊಡುತ್ತದೆ, ಆದರೆ ಅವು ಒಂದೇ ವೇಗದಲ್ಲಿ ತಿರುಗಬೇಕೆಂದು ಹಟ ಹಿಡಿಯುವುದಿಲ್ಲ. ಬಲವೂ ಉಂಟು, ಸ್ವಾತಂತ್ರ್ಯವೂ ಉಂಟು.

ಗಾಡಿಯ ಉಳಿದ ವಿವರಗಳೂ ಮಾದರಿ ಕಟ್ಟುವವರಿಗೆ ಹೇಳಿ ಮಾಡಿಸಿದಂತಿವೆ. ಉದ್ದ ಸುಮಾರು 2.7 ಮೀಟರ್, ಅಗಲ 1.4 ಮೀಟರ್. ಹಿಂದಿನ ಚಕ್ರಗಳ ವ್ಯಾಸ 112.5 ಸೆಂಟಿಮೀಟರ್, ಮುಂದಿನದು 73. ಒಟ್ಟು ತೂಕ 265 ಕಿಲೋ, ಅದರಲ್ಲಿ ಸುಮಾರು ನೂರು ಕಿಲೋ ಎಂಜಿನ್ನಿನದೇ. ಒಂದೇ ಸಿಲಿಂಡರು, 954 ಸಿ.ಸಿ., ನಿಮಿಷಕ್ಕೆ 400 ಸುತ್ತು, ಮುಕ್ಕಾಲು ಅಶ್ವಶಕ್ತಿ. ಗರಿಷ್ಠ ವೇಗ ಗಂಟೆಗೆ 16 ಕಿಲೋಮೀಟರ್. ಸೈಕಲ್ ತುಳಿಯುವ ಹೈಸ್ಕೂಲು ಹುಡುಗ ಇದನ್ನು ಹಿಂದೆ ಹಾಕಬಲ್ಲ! ಮೇಲ್ಕಟ್ಟಿಲ್ಲ, ಬಾಗಿಲಿಲ್ಲ, ಉಬ್ಬು ತಗ್ಗಿನ ತಗಡಿನ ಮೈಯಿಲ್ಲ. ಎಲ್ಲ ಭಾಗಗಳೂ ಕಣ್ಣೆದುರಿಗೆ ತೆರೆದುಕೊಂಡಿವೆ. ಮೂಲ ಗಾಡಿ ಇಂದಿಗೂ ಮ್ಯೂನಿಕ್ ನಗರದ ಡಾಯ್ಚಸ್ ಮ್ಯೂಸಿಯಮ್ಮಿನಲ್ಲಿದೆ.

ಹತ್ತರಲ್ಲೊಂದು ಪಾಲು

ಈಗ ಜಗಲಿಗೆ ಮರಳಬಹುದು. ಮೂಲದ ಹತ್ತರಲ್ಲೊಂದು ಪಾಲಿನ ಅಳತೆ ಲೆಕ್ಕಕ್ಕೆ ಸುಲಭ. ಉದ್ದ 27 ಸೆಂಟಿಮೀಟರ್, ಅಗಲ 14, ಹಿಂದಿನ ಚಕ್ರ 11.25, ಮುಂದಿನದು 7.3. ತೂಕ ಎಷ್ಟಿರಬೇಕು? 26.5 ಕಿಲೋ ಎಂದು ಥಟ್ಟನೆ ಹೇಳುವ ಮಕ್ಕಳೇ ಹೆಚ್ಚು. ಉದ್ದ, ಅಗಲ, ಎತ್ತರ ಮೂರೂ ಹತ್ತರಲ್ಲೊಂದಾದಾಗ ತೂಕ ಹತ್ತು ಗುಣಿಸು ಹತ್ತು ಗುಣಿಸು ಹತ್ತು, ಅಂದರೆ ಸಾವಿರದಲ್ಲೊಂದಾಗುತ್ತದೆ. ಮಾದರಿಯ ತೂಕ ಬರೀ 265 ಗ್ರಾಂ! ದೊಡ್ಡದು ಸಣ್ಣದಾಗುವಾಗ ಎಲ್ಲವೂ ಒಂದೇ ಲೆಕ್ಕದಲ್ಲಿ ಕುಗ್ಗುವುದಿಲ್ಲ ಎಂಬ ಈ ಒಂದು ಸತ್ಯ ಮನಸ್ಸಿಗೆ ಹತ್ತಿದರೆ ಮಾದರಿಯ ಶ್ರಮ ಅರ್ಧ ಸಾರ್ಥಕ.

ಅದರ ಇನ್ನೊಂದು ಮುಖವೂ ಇದೆ. ಒಂದು ಕೋಲಿನ ಗಟ್ಟಿತನ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿದೆ. ಅದು ಕುಗ್ಗುವುದು ನೂರರಲ್ಲೊಂದಕ್ಕೆ, ಹೊರಬೇಕಾದ ಭಾರ ಕುಗ್ಗುವುದು ಸಾವಿರದಲ್ಲೊಂದಕ್ಕೆ. ಆದ್ದರಿಂದ ಮಾದರಿ ತನ್ನ ಭಾರಕ್ಕೆ ಹೋಲಿಸಿದರೆ ಮೂಲಕ್ಕಿಂತ ಹತ್ತು ಪಾಲು ಗಟ್ಟಿ. ಬೆಂಜ್ ಉಕ್ಕಿನ ಕೊಳವೆ ಬಳಸಿದಲ್ಲಿ ಹೇರೂರಿನ ಮಕ್ಕಳಿಗೆ ಬಿದಿರಿನ ಸೀಳು ಸಾಕು. ಇರುವೆ ತನಗಿಂತ ಭಾರದ ಅಕ್ಕಿಕಾಳನ್ನು ಹೊತ್ತು ಗೋಡೆ ಹತ್ತುವುದರ ಹಿಂದೆಯೂ ಇದೇ ಲೆಕ್ಕವಿದೆ.

ಹಾಗೆಂದು ಪೆಟ್ರೋಲ್ ಎಂಜಿನ್ನನ್ನೂ ಸಾವಿರದಲ್ಲೊಂದಕ್ಕೆ ಇಳಿಸುತ್ತೇನೆಂದು ಹೊರಡಬಾರದು. 954 ಸಿ.ಸಿ. ಎಂಬುದು ಒಂದು ಸಿ.ಸಿ.ಗೂ ಕಡಿಮೆಯಾಗುತ್ತದೆ. ಒಳಗೆ ಉರಿಯುವ ಅನಿಲ ಸಾವಿರದಲ್ಲೊಂದಾದರೆ ಶಾಖ ಹೀರುವ ಗೋಡೆ ನೂರರಲ್ಲೊಂದು ಮಾತ್ರ ಆಗುತ್ತದೆ, ಹುಟ್ಟಿದ ಶಾಖ ಗೋಡೆಯ ಪಾಲಾಗುತ್ತದೆ. ಅಂಥ ಎಂಜಿನ್ನುಗಳನ್ನು ಕಟ್ಟುವವರು ಜಗತ್ತಿನಲ್ಲಿದ್ದಾರೆ, ಅದಕ್ಕೆ ಅಕ್ಕಸಾಲಿಗನ ಕೈ, ಲೇತ್ ಯಂತ್ರ, ವರ್ಷಗಳ ತಾಳ್ಮೆ ಬೇಕು. ಮನೆಯ ಜಗಲಿಯಲ್ಲಿ ಪೆಟ್ರೋಲು, ಸ್ಪಿರಿಟ್ಟುಗಳ ಪ್ರಯೋಗ ಬೇಡವೇ ಬೇಡ. ಹಾಳಾದ ಟೇಪ್‌ರೆಕಾರ್ಡರಿನ ಮೋಟಾರು ಸಾಕು.

ಕೆಟ್ಟು ಅಟ್ಟ ಸೇರಿದ ಟೇಪ್‌ರೆಕಾರ್ಡರು ಹಲವು ಮನೆಗಳಲ್ಲಿ ಈಗಲೂ ಉಂಟು. ಅದರ ಮೋಟಾರು ಸಾಮಾನ್ಯವಾಗಿ ನಿಮಿಷಕ್ಕೆ 2400 ಸುತ್ತು ತಿರುಗುತ್ತದೆ, ಒಳಗಿನ ರಬ್ಬರ್ ಪಟ್ಟಿಯೂ ಕೆಲಸಕ್ಕೆ ಬರುತ್ತದೆ. ಮೂಲ ಕಾರು ಗಂಟೆಗೆ 16 ಕಿಲೋಮೀಟರ್ ಓಡುವಾಗ ಅದರ ಹಿಂದಿನ ಚಕ್ರ ನಿಮಿಷಕ್ಕೆ ಸುಮಾರು 75 ಸುತ್ತು ಸುತ್ತುತ್ತಿತ್ತು. ಮಾದರಿ ಹತ್ತರಲ್ಲೊಂದು ವೇಗದಲ್ಲಿ, ಗಂಟೆಗೆ 1.6 ಕಿಲೋಮೀಟರಿನಲ್ಲಿ ಓಡಿದರೆ ಅದರ ಚಕ್ರವೂ 75 ಸುತ್ತನ್ನೇ ಸುತ್ತಬೇಕು. 2400ನ್ನು 75ಕ್ಕೆ ಇಳಿಸುವುದೆಂದರೆ 32ರಲ್ಲಿ ಒಂದು. ಒಂದೇ ಹೆಜ್ಜೆಯಲ್ಲಿ ಇದು ಕಷ್ಟ, ಎರಡು ಹೆಜ್ಜೆಯಲ್ಲಿ ಸುಲಭ. ಮೋಟಾರಿಗೆ 1 ಸೆಂಟಿಮೀಟರ್ ರಾಟೆ, ಅಡ್ಡ ಅಚ್ಚಿಗೆ 8 ಸೆಂಟಿಮೀಟರ್ ರಾಟೆ. ಅದೇ ಅಚ್ಚಿನಲ್ಲಿ 1.25 ಸೆಂಟಿಮೀಟರಿನ ಇನ್ನೊಂದು, ಚಕ್ರಕ್ಕೆ 5 ಸೆಂಟಿಮೀಟರಿನದೊಂದು. ಎಂಟು ನಾಲ್ಕಲಿ ಮೂವತ್ತೆರಡು! ಮಗ್ಗಿ ಯಾಕೆ ಕಲಿಯಬೇಕು ಎಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ಚಕ್ರಕ್ಕೆ ಬೆತ್ತ ಒಳ್ಳೆಯದು. ನೀರಿನಲ್ಲಿ ನೆನೆಸಿ, ಅದೇ ಅಳತೆಯ ಡಬ್ಬಿಗೆ ಸುತ್ತಿ ಕಟ್ಟಿ ಒಣಗಿಸಿದರೆ ಬಳೆ ಸಿಗುತ್ತದೆ. ಹಿಂದಿನ ಚಕ್ರಕ್ಕೆ ಸುಮಾರು 35 ಸೆಂಟಿಮೀಟರ್, ಮುಂದಿನದಕ್ಕೆ 23 ಸೆಂಟಿಮೀಟರ್ ಬೆತ್ತ ಬೇಕು, ತುದಿಗಳ ಬೆಸುಗೆಗೆ ತುಸು ಹೆಚ್ಚಿರಲಿ. ಬೆಂಜ್ ಬಳಸಿದ್ದು ಸೈಕಲ್ಲಿನಂಥ ತಂತಿ ಕಡ್ಡಿಗಳ ಚಕ್ರ. ಎತ್ತಿನ ಗಾಡಿಯ ಚಕ್ರದಲ್ಲಿ ಕೆಳಗಿನ ಮರದ ಅರ ಭಾರವನ್ನು ಕಂಬದಂತೆ ಹೊರುತ್ತದೆ. ಸೈಕಲ್ ಚಕ್ರದ ಕಡ್ಡಿಗಳು ಹಾಗಲ್ಲ, ಎಲ್ಲವೂ ಬಿಗಿದ ತಂತಿಗಳು, ಎಳೆತದಿಂದ ಕೆಲಸ ಮಾಡುವಂಥವು. ಹಾಗಾಗಿ ಮಾದರಿಯ ಚಕ್ರಕ್ಕೆ ಮೀನುಗಾಳದ ನೈಲಾನ್ ದಾರವನ್ನು ಅಡ್ಡಡ್ಡ ಹೆಣೆದು ಬಿಗಿದರೂ ನಡೆಯುತ್ತದೆ. ದಾರದ ಮೇಲೆ ನಿಂತ ಕಾರನ್ನು ಕಂಡು ನೋಡುವವರು ಬೆರಗಾಗುವುದು ಖಂಡಿತ.

ಡಿಫರೆನ್ಷಿಯಲ್ ಮಾಡುವುದು ಮೊದಲ ಮಾದರಿಗೆ ಕಷ್ಟ. ಆದರೆ ಅದು ಯಾಕೆ ಬೇಕು ಎಂದು ಲೆಕ್ಕ ಹಾಕಲು ಕಷ್ಟವಿಲ್ಲ. ಹಿಂದಿನ ಎರಡು ಚಕ್ರಗಳ ನಡುವಿನ ಅಂತರ ಮೂಲದಲ್ಲಿ 119 ಸೆಂಟಿಮೀಟರ್, ಮಾದರಿಯಲ್ಲಿ 11.9. ಮಾದರಿ ಒಂದು ಪೂರ್ತಿ ಸುತ್ತು ಹಾಕಿದಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 75 ಸೆಂಟಿಮೀಟರ್ ಹೆಚ್ಚು ಓಡಬೇಕು. ಸುತ್ತು ಅಂಗಳದಷ್ಟಿರಲಿ, ಆಟದ ಬಯಲಿನಷ್ಟಿರಲಿ, ವ್ಯತ್ಯಾಸ ಅಷ್ಟೇ. ಇದಕ್ಕೆ ಎತ್ತಿನ ಗಾಡಿಯ ಮೊರೆ ಹೋಗಬಹುದು. ಒಂದು ಚಕ್ರಕ್ಕೆ ಮಾತ್ರ ಮೋಟಾರಿನ ಬಲ ಕೊಟ್ಟು, ಇನ್ನೊಂದನ್ನು ಅಚ್ಚಿನ ಮೇಲೆ ಬಿಡಿಯಾಗಿ ಬಿಟ್ಟರೆ ಆಯಿತು. ಕಾರು ಸ್ವಲ್ಪ ಒಂದು ಪಕ್ಕಕ್ಕೆ ಎಳೆಯುತ್ತದೆ, ಮುಂದಿನ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಿಟ್ಟು ಸರಿಪಡಿಸಬೇಕು.

ಇನ್ನು ತೂಕದ ಲೆಕ್ಕ. ಮೋಟಾರು 6 ವೋಲ್ಟಿನದಾದರೆ ನಾಲ್ಕು ಪೆನ್ಸಿಲ್ ಸೆಲ್ ಬೇಕು, ಒಂದೊಂದು 20 ಗ್ರಾಂ ಆಸುಪಾಸು. ಮೋಟಾರನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿಸಬೇಕು. ಎರಡನ್ನೂ 265ರಿಂದ ಕಳೆದರೆ ಉಳಿದದ್ದು ಚೌಕಟ್ಟು, ಚಕ್ರ, ಆಸನಗಳ ಪಾಲು. ಆಸನಕ್ಕೆ ಬೆಂಡನ್ನು ಕೊರೆದರೆ ತೂಕವೇ ಇಲ್ಲದಂತಾಗುತ್ತದೆ, ಚೌಕಟ್ಟಿಗೆ ಅಡಿಕೆ ದಬ್ಬೆಗಿಂತ ಬಿದಿರು ಹಗುರ. ಎಲ್ಲಿ ಹತ್ತು ಗ್ರಾಂ ಉಳಿಸಬಹುದೆಂದು ತಲೆ ಕೆರೆದುಕೊಳ್ಳುವ ಹೊತ್ತಿನಲ್ಲಿ ಮಗು ಎಂಜಿನಿಯರ್ ಆಗಿರುತ್ತದೆ, ಅದಕ್ಕೆ ಪದವಿ ಬೇಕಿಲ್ಲ.

ಮೊದಲ ದಿನ ಕಾರು ಓಡುವುದಿಲ್ಲ. ಪಟ್ಟಿ ಜಾರುತ್ತದೆ, ಏಕೆಂದರೆ ಸಡಿಲವಾಗಿರುತ್ತದೆ. ಬಿಗಿ ಮಾಡಿದರೆ ಮೋಟಾರು ನರಳುತ್ತದೆ, ಏಕೆಂದರೆ ಅಚ್ಚು ಬಾಗಿರುತ್ತದೆ. ಅಚ್ಚು ನೆಟ್ಟಗಾದರೆ ಚಕ್ರ ಓಲಾಡುತ್ತದೆ, ಏಕೆಂದರೆ ತೂತು ನಡುವೆ ಬಿದ್ದಿರುವುದಿಲ್ಲ. ಈ ‘ಏಕೆಂದರೆ’ಗಳೇ ಪಾಠ. ಪೆಟ್ಟಿಗೆಯಲ್ಲಿ ಬಂದ ಸಿದ್ಧ ಮಾದರಿಯಲ್ಲಿ ಸಿಗದಿರುವುದೂ ಇವೇ.

ದೊಡ್ಡವರು ಕಟ್ಟಿದ ಸಣ್ಣ ಕಾರುಗಳು

ಹಳೆಯ ಕಾರನ್ನು ಸಣ್ಣದಾಗಿ ಕಟ್ಟುವುದು ಬರೀ ಮಕ್ಕಳ ಹುಚ್ಚೆಂದು ಭಾವಿಸುವವರು ಎರಡು ಕಥೆ ಕೇಳಬೇಕು. ರೇಸ್ ಕಾರುಗಳಿಗೆ ಹೆಸರಾದ ಎತ್ತೋರೆ ಬುಗಾಟ್ಟಿ ತನ್ನ ಕಿರಿಯ ಮಗ ರೋಲಾಂಡನಿಗಾಗಿ ತಮ್ಮದೇ ಟೈಪ್ 35 ರೇಸ್ ಕಾರಿನ ಅರ್ಧ ಅಳತೆಯ ಮಾದರಿ ಕಟ್ಟಿಸಿದ. ಅದಕ್ಕೆ ವಿದ್ಯುತ್ ಮೋಟಾರು. ಕಾರ್ಖಾನೆಗೆ ಬಂದ ಗಿರಾಕಿಗಳು ಅದನ್ನು ಕಂಡು ತಮ್ಮ ಮಕ್ಕಳಿಗೂ ಬೇಕೆಂದರು. 1927ರಿಂದ 1936ರವರೆಗೆ ಅಂಥ ಸುಮಾರು 500 ಕಾರುಗಳು ತಯಾರಾದವು.

ಎರಡನೆಯದು ಮೈಸೂರಿನಲ್ಲಿ ಹಳಿಯ ಗಾಲಿ ತೊಟ್ಟು ನಿಂತಿರುವ ಆಸ್ಟಿನ್ನಿನ ಮನೆತನದ ಕಥೆ. ಆಸ್ಟಿನ್ ಕಂಪನಿ 1949ರಲ್ಲಿ ವೇಲ್ಸ್ ಪ್ರಾಂತದ ಬಾರ್ಗೋಡ್ ಎಂಬ ಊರಿನಲ್ಲಿ ಮಕ್ಕಳು ತುಳಿದು ಓಡಿಸುವ ಜೆ-40 ಎಂಬ ಪುಟ್ಟ ಕಾರಿನ ಕಾರ್ಖಾನೆ ತೆರೆಯಿತು. ಉರಿಯುವ ದೀಪ, ಕೂಗುವ ಹಾರನ್ ಎಲ್ಲ ಇದ್ದ ಅದನ್ನು ಕಟ್ಟಿದವರು ಕಲ್ಲಿದ್ದಲಿನ ದೂಳು ಕುಡಿದು ಶ್ವಾಸಕೋಶ ಕೆಟ್ಟ ಗಣಿ ಕಾರ್ಮಿಕರು. ಗಣಿಯಲ್ಲಿ ಮತ್ತೆ ದುಡಿಯಲಾರದವರಿಗೆ ಆ ಆಟಿಕೆಯೇ ಅನ್ನವಾಯಿತು. 1971ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಸುಮಾರು 32,000 ಪುಟ್ಟ ಕಾರುಗಳು ಅವರ ಕೈಯಿಂದ ಹೊರಬಂದಿದ್ದವು.

ಬರ್ತಾ ಮಾಡಿದ ಪರೀಕ್ಷೆ

ಕೊನೆಗೆ ಮತ್ತೆ ಬೆಂಜ್ ಮನೆಗೇ ಹೋಗಬೇಕು. ಕಾರು ಕಟ್ಟಿದ್ದಾಯಿತು, ಪೇಟೆಂಟ್ ಸಿಕ್ಕಿದ್ದಾಯಿತು, ಆದರೆ ಕೊಳ್ಳುವವರು ಮುಂದೆ ಬರಲಿಲ್ಲ. ‘ಇದು ಓಡುತ್ತದೆಯೆ?’ ಎಂಬ ಪ್ರಶ್ನೆಗೆ ಜನ ಒಪ್ಪುವ ಉತ್ತರ ಬೇಕಿತ್ತು. 1888ರ ಆಗಸ್ಟ್ ತಿಂಗಳ ಒಂದು ಬೆಳಗ್ಗೆ ಕಾರ್ಲನ ಹೆಂಡತಿ ಬರ್ತಾ, 15 ವರ್ಷದ ಆಯ್ಗೆನ್ ಮತ್ತು 13 ವರ್ಷದ ರಿಚರ್ಡ್ ಎಂಬ ಇಬ್ಬರು ಮಕ್ಕಳನ್ನು ಕರೆದುಕೊಂಡು, ಗಂಡನಿಗೂ ತಿಳಿಸದೆ, ಕಾರು ಹತ್ತಿ ತನ್ನ ತವರೂರು ಫೋರ್ಟ್ಸ್‌ಹೈಮಿಗೆ ಹೊರಟಳು. ನೂರು ಕಿಲೋಮೀಟರಿಗೂ ಹೆಚ್ಚಿನ ಹಾದಿ. ಅಷ್ಟು ದೂರ ಅದುವರೆಗೆ ಯಾವ ಮೋಟಾರು ಕಾರೂ ಹೋಗಿರಲಿಲ್ಲ.

ದಾರಿಯಲ್ಲಿ ಇಂಧನ ಮುಗಿಯಿತು. ವೀಸ್‌ಲೋಕ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೊಯಿನ್ ಎಂಬ ದ್ರವವನ್ನು ಕೊಂಡು ತುಂಬಿಸಿದಳು. ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ತಂತಿಯ ಹೊದಿಕೆ ಸವೆದಾಗ ಕಾಲ್ಚೀಲದ ಪಟ್ಟಿ ಸುತ್ತಿದಳು. ಬ್ರೇಕಿನ ಮರದ ತುಂಡು ಸವೆದಾಗ ಚಮ್ಮಾರನೊಬ್ಬನಿಂದ ಅದಕ್ಕೆ ತೊಗಲು ಹೊಡೆಸಿದಳು. ಏರು ಬಂದಾಗ ಮಕ್ಕಳು ಇಳಿದು ತಳ್ಳಿದರು. ಮನೆಗೆ ಮರಳಿದ ಮೇಲೆ, ಏರು ಹತ್ತಲು ಇನ್ನೊಂದು ಗಿಯರ್ ಬೇಕೆಂದು ಹೇಳಿದರು, ಕಾರ್ಲ್ ಅದನ್ನು ಅಳವಡಿಸಿದ. ದೇವಿಮನೆ ಘಟ್ಟ ಹತ್ತಿಳಿದವರಿಗೆ ಆ ಗಿಯರಿನ ಬೆಲೆ ಹೇಳಿಕೊಡಬೇಕಿಲ್ಲ.

ಈ ಕಥೆಯಲ್ಲಿ ಹೆತ್ತವರಿಗೊಂದು ಮಾತಿದೆ. ಬರ್ತಾ ಮಕ್ಕಳ ಪರವಾಗಿ ಕಾರು ತಳ್ಳಲಿಲ್ಲ, ಮಕ್ಕಳ ಜೊತೆಗೆ ಹೋದಳು. ಕೆಟ್ಟಾಗ ಬೈಯಲಿಲ್ಲ, ಕೈಗೆ ಸಿಕ್ಕ ಪಿನ್ನು, ಪಟ್ಟಿಗಳಿಂದ ರಿಪೇರಿ ಮಾಡಿದಳು. ಮಾದರಿ ಕಟ್ಟುವ ಮಗುವಿಗೆ ಬೇಕಾದದ್ದು ಅಷ್ಟೇ. ಚೂಪಾದ ಕತ್ತಿ ಹಿಡಿಯುವಾಗ ಪಕ್ಕದಲ್ಲಿ ಒಬ್ಬರು, ಕಾರು ನಿಂತಾಗ ‘ಹೋಗಲಿ ಬಿಡು, ಕೊಂಡು ತರುವಾ’ ಎನ್ನದ ಒಬ್ಬರು.

ಮಳೆಗಾಲದ ಶಿರಸಿ ಸೀಮೆಯಲ್ಲಿ ಸಂಜೆ ಬೇಗ ಕತ್ತಲಾಗುತ್ತದೆ. ಅಂಗಳದಲ್ಲಿ ಹನಿ ಬಿಡದೆ ಸುರಿಯುವಾಗ ಆಟಕ್ಕೆ ಉಳಿಯುವುದು ಜಗಲಿಯೊಂದೇ. ಆ ಜಗಲಿಯ ಈ ತುದಿಯಿಂದ ಆ ತುದಿಗೆ ಬೆತ್ತದ ಚಕ್ರ, ಬಿದಿರಿನ ಚೌಕಟ್ಟು, ಬೆಂಡಿನ ಆಸನದ ಮೂರು ಗಾಲಿಯ ಕಾರೊಂದು ಗುಂಯ್‌ಗುಡುತ್ತ ಸಾಗಿದರೆ, ನಡುವೆ ಎರಡು ಸಲ ನಿಂತರೂ ಚಿಂತೆಯಿಲ್ಲ. ಕಂಬಕ್ಕೊರಗಿ ಕವಳ ಹಾಕುತ್ತ ಕೂತ ಹಿರಿಯರು ಅದನ್ನು ಕಣ್ಣಾರೆ ನೋಡಿರುತ್ತಾರೆ. ‘ಇದು ಓಡ್ತಾ, ತಮಾ?’ ಎಂದು ಆ ದಿನ ಯಾರೂ ಕೇಳುವುದಿಲ್ಲ.